ಕಲಿಸಿದವರ ಕಾಲಂ

ಬಳ್ಳಾರಿಯವನು ಹಡಗಿನಲ್ಲಿದ್ದಾನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೋಟೆ ಬೆಟ್ಟದ ಕಡೆ ನೋಡುತ್ತಾರೆ. ಆ ಬೆಟ್ಟ ಹತ್ತಿ ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಬಂಡೆ, ಬಯಲು, ಬಿಸಿಲು. ಹತ್ತಿರದ ಸಮುದ್ರ ಅಂದರೂ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಬೇಸಿಗೆ, ಬಿರುಬೇಸಿಗೆ ಎಂಬ ಎರಡೇ ಕಾಲಗಳಿರುವ ಊರಿನವನಿಗೆ ಈ ನೀರಿನ ಕಸುಬು ಹೇಗೆ ಗಂಟುಬಿತ್ತು ಎಂಬುದು ಅವರ ಅನುಮಾನ. ನಾನು ಸಿರುಗುಪ್ಪದ ಕಡೆಯವನು, ನಮಗೆ ತುಂಗಭದ್ರೆಯಿದೆ, ವಿಜಯನಗರದ ಕಾಲದ ಕಾಲುವೆಯಿದೆ, ಮೊಣಕಾಲುದ್ದ ಕೆಸರಿನ ಗದ್ದೆಯಿದೆ ಎಂದು ಸಮಜಾಯಿಷಿ ಕೊಡುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂದಿರುತ್ತದೆ. ‘ನೇವೀನಾ? ಗನ್ನು ಕೊಟ್ಟಾರೇನು?’

ಗನ್ನಿಲ್ಲ, ಇದು ಮರ್ಚೆಂಟ್ ನೇವಿ, ಸರಕು ಸಾಗಿಸುವ ಹಡಗು ಎಂದು ಬಿಡಿಸಿ ಹೇಳಿದರೆ ಕೇಳಿದವರ ಉತ್ಸಾಹ ಅರ್ಧಕ್ಕೆ ಇಳಿಯುತ್ತದೆ. ‘ಅಂದ್ರ ಲಾರಿ ಕೆಲಸ ಅನ್ನು’ ಎಂದು ನಮ್ಮ ಸೋದರಮಾವ ಒಂದೇ ಮಾತಿನಲ್ಲಿ ನನ್ನ ವೃತ್ತಿಯನ್ನು ಹೊಸಪೇಟೆ ರಸ್ತೆಗೆ ತಂದು ನಿಲ್ಲಿಸಿದ್ದರು. ಅದಕ್ಕೂ ಉತ್ತರವಿತ್ತು. ಉತ್ತರ ತೋಚದೆ ನಿಂತದ್ದು ಅವ್ವನ ಪ್ರಶ್ನೆಗೆ. ‘ಓದಾಕ ಹೊಂಟೀನಿ ಅಂತೀಯ. ಹಡಗಿನ್ಯಾಗ ಕಲಿಸೋರು ಯಾರಪ್ಪ?’

ಹಡಗಿನ ಮೇಲೆ ಕಾಲೇಜು ನಡೆಸುವುದು ಲೋಕದಲ್ಲಿ ಇಲ್ಲದ್ದೇನಲ್ಲ. 1926ರಲ್ಲಿ ಅಮೆರಿಕದಿಂದ ರಿಂಡಮ್ ಎಂಬ ಹಡಗು ಸುಮಾರು 500 ವಿದ್ಯಾರ್ಥಿಗಳನ್ನೂ ಅವರ ಪ್ರೊಫೆಸರುಗಳನ್ನೂ ಹತ್ತಿಸಿಕೊಂಡು ಭೂಮಿ ಸುತ್ತಿ ಬಂತು. ಅದೇ ಜಾಡಿನ ‘ಸೆಮೆಸ್ಟರ್ ಅಟ್ ಸೀ’ ಇವತ್ತಿಗೂ ನಡೆಯುತ್ತಿದೆ; ಅದರ ಹಡಗು ಚೆನ್ನೈ, ಕೊಚ್ಚಿಗಳಿಗೂ ಬಂದು ಹೋಗಿದೆ. ಅಲ್ಲಿ ತರಗತಿಯಿದೆ, ಗ್ರಂಥಾಲಯವಿದೆ, ಈಜುಕೊಳವಿದೆ, ಬಂದರು ಬಂದರೆ ಊರು ನೋಡಲು ಬಿಡುವಿದೆ. ನಮ್ಮವರು ಓದಿಗಾಗಿ ಹಡಗು ಹತ್ತಿದ್ದೂ ಹಳೆಯ ಮಾತು. ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟದ್ದು ಹಡಗಿನಲ್ಲೇ, ಮುಂದೆ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದಕ್ಕಿದವು. ಬಯಲುಸೀಮೆಯವನ ಕಣ್ಣಿಗೇ ಸಮುದ್ರ ಹೆಚ್ಚು ಬೀಳುತ್ತದೋ ಏನೋ, ಕರಾವಳಿಯವರಿಗೆ ಅದು ಹಿತ್ತಲಲ್ಲೇ ಇದೆ.

ನಾನು ಹತ್ತಿದ ಹಡಗಿನಲ್ಲಿ ಪ್ರೊಫೆಸರೂ ಇರಲಿಲ್ಲ, ಕವಿತೆಯೂ ಹುಟ್ಟಲಿಲ್ಲ. ಅದು ಸುಮಾರು 57,000 ಟನ್ ಹೊರುವ ಬಲ್ಕ್ ಕ್ಯಾರಿಯರ್. 190 ಮೀಟರ್ ಉದ್ದ, ಐದು ಹೋಲ್ಡು, ನಾಲ್ಕು ಕ್ರೇನು. ಹೋಲ್ಡ್ ಎಂದರೆ ಸರಕು ತುಂಬುವ ಹಗೇವು, ಒಂದೊಂದರಲ್ಲೂ ನಮ್ಮೂರಿನ ಒಂದು ಓಣಿಯನ್ನು ಮನೆ ಸಮೇತ ಇಳಿಸಬಹುದು. ನನಗೆ ಕೊಟ್ಟ ಹುದ್ದೆ ಡೆಕ್ ಕ್ಯಾಡೆಟ್. ಹಡಗಿನ ಅಧಿಕಾರಿಯಾಗುವವನು ಇಡಬೇಕಾದ ಮೊದಲ ಹೆಜ್ಜೆ ಇದು.

ಈ ಓದಿಗೆ ನಮ್ಮ ದೇಶದಲ್ಲಿ ಸುಮಾರು ನೂರು ವರ್ಷದ ವಯಸ್ಸು. 1927ರಲ್ಲಿ ಮುಂಬಯಿಯಲ್ಲಿ ಲಂಗರು ಹಾಕಿ ನಿಂತಿದ್ದ ಡಫರಿನ್ ಹಡಗಿನ ಮೇಲೆ ಪಾಠ ಶುರುವಾಯಿತು. 1972ರಲ್ಲಿ ಆ ಜಾಗಕ್ಕೆ ರಾಜೇಂದ್ರ ಬಂತು. 1993ರಲ್ಲಿ ಶಾಲೆ ನೀರು ಬಿಟ್ಟು ನವಿ ಮುಂಬಯಿಯ ದಡ ಹತ್ತಿ ಚಾಣಕ್ಯ ಎಂಬ ಹೆಸರಿಟ್ಟುಕೊಂಡಿತು. ನಾನು ಹಿಡಿದದ್ದು ಇನ್ನೊಂದು ದಾರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮುಗಿಸಿ, ಕಣ್ಣಿಗೆ ಬಣ್ಣಗುರುಡಿಲ್ಲ ಎಂದು ಡಾಕ್ಟರ ಚೀಟಿ ಪಡೆದು, ದಡದ ಕಾಲೇಜಿನಲ್ಲಿ ಒಂದು ವರ್ಷ ಕೂತು, ಆಮೇಲೆ ಹಡಗು. ಹಡಗಿನ ಮೇಲೆ 18 ತಿಂಗಳು ತುಂಬಬೇಕು. ಅದೂ ದಿನದ ಲೆಕ್ಕದಲ್ಲಿ. ರಜೆಯಲ್ಲಿ ಮನೆಯಲ್ಲಿದ್ದ ದಿನಕ್ಕೆ ಬೆಲೆಯಿಲ್ಲ. ತುಂಬಿದ ಮೇಲೆಯೇ ಸೆಕೆಂಡ್ ಮೇಟ್ ಪರೀಕ್ಷೆಯ ಬಾಗಿಲು ತೆರೆಯುತ್ತದೆ.

ಹೊರಡುವಾಗ ಕೈಗೆ ದಪ್ಪನೆಯ ಪುಸ್ತಕವೊಂದನ್ನು ಕೊಡುತ್ತಾರೆ. ಟ್ರೈನಿಂಗ್ ರೆಕಾರ್ಡ್ ಬುಕ್, ನಮ್ಮ ಬಾಯಲ್ಲಿ ಟಿಆರ್‌ಬಿ. ಪಠ್ಯ ಅಂದರೆ ಅದೇ. ಗಂಟು ಹಾಕುವುದರಿಂದ ಹಿಡಿದು ನಕ್ಷತ್ರ ನೋಡಿ ಹಡಗಿರುವ ಜಾಗ ಹೇಳುವವರೆಗೆ ಕ್ಯಾಡೆಟ್ ಮಾಡಬೇಕಾದ ಕೆಲಸಗಳೆಲ್ಲ ಸಾಲುಸಾಲಾಗಿ ಅದರಲ್ಲಿವೆ. ಪ್ರತಿ ಸಾಲಿನ ಮುಂದೆ ದಿನಾಂಕಕ್ಕೊಂದು ಮನೆ, ಅಧಿಕಾರಿಯ ಸಹಿಗೊಂದು ಮನೆ. ತಿಂಗಳಿಗೊಮ್ಮೆ ಕ್ಯಾಪ್ಟನ್ ನೋಡಿ ತಮ್ಮ ಸಹಿ ಹಾಕುತ್ತಾರೆ. ಸಹಿ ಬಿದ್ದರೆ ಕಲಿತಂತೆ, ಬೀಳದಿದ್ದರೆ ಎಷ್ಟು ಬಂದರೂ ಬಾರದಂತೆ. ಅವ್ವ ಕೇಳಿದ ಪ್ರಶ್ನೆಗೆ ಮಾತ್ರ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಮೊದಲ ತಿಂಗಳುಗಳ ಪಾಠ ತುಕ್ಕು. ಉಪ್ಪುಗಾಳಿಗೆ ಕಬ್ಬಿಣ ರಾತ್ರಿ ಹಗಲೆನ್ನದೆ ತುಕ್ಕು ಹಿಡಿಯುತ್ತದೆ, ಕ್ಯಾಡೆಟ್ ಹಗಲೆಲ್ಲ ಅದನ್ನು ಚಿಪ್ಪಿಂಗ್ ಸುತ್ತಿಗೆಯಿಂದ ಕುಟ್ಟಿ ಉದುರಿಸುತ್ತಾನೆ. ಕುಟ್ಟು, ತಂತಿ ಬ್ರಷ್ಷಿನಿಂದ ಉಜ್ಜು, ಪ್ರೈಮರ್ ಬಳಿ, ಬಣ್ಣ ಬಳಿ. ಮೂತಿಯಿಂದ ಬಾಲದವರೆಗೆ ಬಂದು ನಿಂತರೆ ಮೂತಿಯಲ್ಲಿ ಮತ್ತೆ ತುಕ್ಕು. ಕಬ್ಬಿಣದ ಜಿಲ್ಲೆಯಿಂದ ಬಂದವನಿಗೆ ಕಬ್ಬಿಣವೇ ಹಿಂದೆ ಬಿದ್ದಿತ್ತು. ಎಂಜಿನ್ ರೂಮಿಗೆ ಇಳಿದರೆ 40 ಡಿಗ್ರಿ ದಾಟಿದ ಸೆಕೆ. ಉಳಿದ ಹುಡುಗರು ಬೆವರೊರೆಸಿಕೊಂಡು ಒದ್ದಾಡುತ್ತಿದ್ದರೆ ನನಗೆ ಅದು ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯ ರಾಯಲ್ ಸರ್ಕಲ್. ನನ್ನ ಊರು ನನಗೆ ಕೊಟ್ಟ ಮೊದಲ ವಿದ್ಯೆ ಅದು. ಅದಕ್ಕೂ ಟಿಆರ್‌ಬಿಯಲ್ಲಿ ಜಾಗವಿಲ್ಲ.

ಡೆಕ್ಕಿನ ಮೇಲೆ ನಮ್ಮ ಗುರು ಬೋಸನ್. ಖಲಾಸಿಗಳ ಮೇಸ್ತ್ರಿ ಅನ್ನಬಹುದು. ಫಿಲಿಪೀನ್ಸಿನವನು, ಐವತ್ತು ದಾಟಿದವನು, ಅಂಗೈ ಚಪ್ಪಲಿಯ ಅಟ್ಟೆಯಷ್ಟು ಗಡುಸು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಎರಡು ಬೇರೆ ಭಾಷೆಗಳಾದ್ದರಿಂದ ಪಾಠವೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಒಂದು ದಿನ ಹಗ್ಗದ ತುಂಡು ತೆಗೆದು ಬೋಲೈನ್ ಗಂಟು ತೋರಿಸಲು ಕೂತ. ಅವನು ಒಂದು ಸುತ್ತು ಹಾಕುವಷ್ಟರಲ್ಲಿ ನನ್ನ ಕೈ ಅದನ್ನು ಕಟ್ಟಿ ಮುಗಿಸಿತ್ತು. ನಮ್ಮ ಮನೆಯ ಎತ್ತು ನೋಡಿಕೊಳ್ಳುತ್ತಿದ್ದ ಅಜ್ಜ ಕರುವಿನ ಕೊರಳಿಗೆ ಹಾಕುತ್ತಿದ್ದ ಕಣ್ಣಿ ಅದೇ. ಕರು ಎಷ್ಟು ಜಗ್ಗಿದರೂ ಕುಣಿಕೆ ಕೊರಳಿಗೆ ಬಿಗಿಯಬಾರದು, ನಾವು ಬಿಚ್ಚಬೇಕೆಂದಾಗ ಎರಡು ಬೆರಳಿಗೆ ಬಿಡಬೇಕು. ನೀರಿಗೆ ಬಿದ್ದವನ ಸೊಂಟಕ್ಕೆ ಹಾಕಿ ಎಳೆಯುವ ಹಗ್ಗಕ್ಕೂ ಬೇಕಾದ ಗುಣ ಅದೇ. ‘ಯಾರು ಕಲಿಸಿದ್ದು?’ ಎಂದು ಬೋಸನ್ ಕೇಳಿದ. ‘ಕೌ ಮ್ಯಾನ್’ ಎಂದೆ. ಅವನು ನಗಲಿಲ್ಲ, ಒಳ್ಳೆಯ ಬೋಸನ್ ಇರಬೇಕು ಎಂಬಂತೆ ತಲೆಯಾಡಿಸಿದ.

ಅದೇ ಬೋಸನ್ ಇನ್ನೊಂದು ದಿನ ನನ್ನ ಕಾಲರು ಹಿಡಿದು ಹಿಂದಕ್ಕೆ ಎಳೆದಿದ್ದ. ಹಡಗು ದಕ್ಕೆಗೆ ಕಟ್ಟುವ ಹೊತ್ತು, ಮೂರಿಂಗ್ ಹಗ್ಗ ಬಿಗಿಯುತ್ತಿತ್ತು. ಸಾವಿರಾರು ಟನ್ ತೂಕ ಜಗ್ಗುವಾಗ ಆ ಹಗ್ಗ ಹರಿದರೆ ಚಾಟಿಯ ಹಾಗೆ ಹಿಂದಕ್ಕೆ ಬೀಸಿ ಎದುರಿಗಿದ್ದವನ ಕಾಲನ್ನೇ ಕತ್ತರಿಸುತ್ತದೆ. ಹರಿದ ಹಗ್ಗ ಎಲ್ಲಿಯವರೆಗೆ ಬೀಸಬಹುದು ಎಂದು ಲೆಕ್ಕ ಹಾಕಿ ಅಲ್ಲಿ ಕಾಲಿಡದೆ ನಿಲ್ಲಬೇಕು. ಸುತ್ತಿ ಬಿದ್ದ ಹಗ್ಗದ ಉಂಗುರದೊಳಗಂತೂ ನಿಲ್ಲಲೇಬಾರದು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನಲ್ಲಿ ಹಿರಿಯರು ಹುಡುಗರನ್ನು ಗದರುತ್ತಿದ್ದ ಮಾತೂ ಇದೇ, ‘ಹಗ್ಗದೊಳಗ ನಿಲ್ಲಬ್ಯಾಡ್ರಲೇ.’ ಕಾಲರು ಹಿಡಿದವನು ಬೋಸನ್, ಗದರಿದವರು ಊರ ಹಿರಿಯರು. ಟಿಆರ್‌ಬಿಯಲ್ಲಿ ‘ಮೂರಿಂಗ್: ಸುರಕ್ಷತೆ’ ಎಂಬ ಸಾಲಿನ ಮುಂದೆ ಸಹಿ ಮಾಡಿದವರು ಚೀಫ್ ಆಫೀಸರ್. ಆ ಹೊತ್ತಿಗೆ ಅವರು ಹಡಗಿನ ಇನ್ನೊಂದು ತುದಿಯಲ್ಲಿದ್ದರು.

ಇದು ಅವರ ಮೇಲಿನ ದೂರಲ್ಲ. ನಿಯಮವೇ ಹಾಗೆ, ಅಧಿಕಾರಿಯೇ ಸಹಿ ಮಾಡಬೇಕು, ಬೋಸನ್ ಮಾಡುವಂತಿಲ್ಲ. ಕಲಿಸುವವರು ಒಬ್ಬರು, ಕಲಿತಿದ್ದಾನೆ ಎಂದು ಹೇಳುವವರು ಇನ್ನೊಬ್ಬರು. ದಡದ ಮೇಲೂ ಇದೇ ನಡೆದಿದೆ. ಹಡಗಿನಲ್ಲಿ ಪುಸ್ತಕವೊಂದು ದಿನವೂ ಕಣ್ಣೆದುರು ಇರುತ್ತದಾದ್ದರಿಂದ ಗೊತ್ತಾಗುತ್ತದೆ, ಅಷ್ಟೇ.

ಚೀಫ್ ಆಫೀಸರ್ ಕಲಿಸಿದ್ದೂ ಕಡಿಮೆಯಲ್ಲ. ಬೆಳಗಿನ ನಾಲ್ಕರಿಂದ ಎಂಟರವರೆಗೆ ಬ್ರಿಜ್ಜಿನಲ್ಲಿ ಅವರ ಪಹರೆ, ಅವರ ಹಿಂದೆ ನಾನು. ಬೆಳಗಾಗುವ ಮುನ್ನ ದಿಗಂತದ ಗೆರೆಯೂ ನಕ್ಷತ್ರವೂ ಒಟ್ಟಿಗೆ ಕಾಣುವ ಸ್ವಲ್ಪ ಹೊತ್ತಿದೆ. ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್‌ಟೆಂಟ್ ಹಿಡಿಯಬೇಕಾದ್ದು ಆಗಲೇ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ನೀನಿರುವ ಅಕ್ಷಾಂಶ ಎಂದು ಅವರು ಹೇಳಿದಾಗ ನಾನು ಸುಮ್ಮನೆ ನಿಂತುಬಿಟ್ಟೆ. ಬೇಸಿಗೆಯಲ್ಲಿ ನಾವು ಮಲಗುತ್ತಿದ್ದದ್ದು ಮಾಳಿಗೆಯ ಮೇಲೆ. ಧ್ರುವ ಎಲ್ಲಿದೆ ಎಂದರೆ ತಾತ ಕೈ ಚಾಚಿ ಮುಷ್ಟಿ ಹಿಡಿದು ‘ಬಯಲಿನಿಂದ ಒಂದೂವರೆ ಮುಟಿಗಿ ಮ್ಯಾಲೆ ನೋಡು’ ಎನ್ನುತ್ತಿದ್ದರು. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಒಂದೂವರೆ ಮುಷ್ಟಿ ಎಂದರೆ 15. ಬಳ್ಳಾರಿಯ ಅಕ್ಷಾಂಶ 15 ಡಿಗ್ರಿ ಚಿಲ್ಲರೆ, ಸಿರುಗುಪ್ಪದ್ದು ಹದಿನೈದೂವರೆ. ಕಾಲುವೆ ನೀರಿನ ಸರದಿ ನಡುರಾತ್ರಿ ಬಂದಾಗ ಬದುವಿನ ಮೇಲೆ ಕೂತು ಚುಕ್ಕಿ ನೋಡಿಯೇ ಹೊತ್ತು ಹೇಳುತ್ತಿದ್ದವರಿಗೆ ಅದು ಅಕ್ಷಾಂಶ ಎಂದು ಗೊತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಅವರು ಎಲ್ಲಿದ್ದಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಿಂಗಪುರದ ಹತ್ತಿರ ಬಂದರೆ ಧ್ರುವ ದಿಗಂತದ ಮಬ್ಬಿನಲ್ಲಿ ಕರಗುತ್ತದೆ. ಸಮಭಾಜಕ ದಾಟಿ ಮುಂದೆ ಹೋದ ಮೇಲೆ ಇಲ್ಲವೇ ಇಲ್ಲ. ವಿದೇಶಕ್ಕೆ ಬಂದೆ ಎಂದು ನನಗೆ ಮೊದಲು ಅನ್ನಿಸಿದ್ದು ಪಾಸ್‌ಪೋರ್ಟಿನ ಸೀಲು ನೋಡಿ ಅಲ್ಲ, ತಾತನ ಮುಷ್ಟಿಗೆ ನಕ್ಷತ್ರ ಸಿಗದೆ ಹೋದ ರಾತ್ರಿ.

2009ರ ಮಳೆಗಾಲಕ್ಕೆ ಮುಂಚೆ ನಮ್ಮ ಹಡಗು ನವಮಂಗಳೂರು ಬಂದರಿಗೆ ಬಂತು. ತುಂಬಬೇಕಾದ ಸರಕು ಕಬ್ಬಿಣದ ಅದಿರಿನ ಪುಡಿ, ನಮ್ಮ ಕಡೆಯವರ ಮಾತಿನಲ್ಲಿ ಫೈನ್ಸು. ಆಗಿನ ಬಳ್ಳಾರಿಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಟಿಪ್ಪರುಗಳ ಸಾಲು ಮುಗಿಯುತ್ತಿರಲಿಲ್ಲ. ಬೇವಿನ ಎಲೆಯಿಂದ ಹಿಡಿದು ಗೋಡೆ, ಎಮ್ಮೆಯ ಬೆನ್ನು, ಹೋಟೆಲಿನ ಮಂಡಕ್ಕಿ ಒಗ್ಗರಣೆಯವರೆಗೆ ಎಲ್ಲವೂ ಒಂದೇ ಬಣ್ಣ. ಊರಿನಿಂದ ಬಸ್ಸು ಹತ್ತುವಾಗ ಕೊಡವಿಕೊಂಡು ಬಂದಿದ್ದ ಧೂಳು ಈಗ ಗ್ರ್ಯಾಬಿನಲ್ಲಿ ಟನ್ನುಗಟ್ಟಲೆ ನನ್ನೆದುರು ಸುರಿಯುತ್ತಿತ್ತು. ತುಂಬಿ ಮುಗಿಯಿತು ಎಂದಾಗ ಇಣುಕಿ ನೋಡಿದರೆ ಹೋಲ್ಡಿನ ತಳದಲ್ಲಿ ಒಂದು ಗುಡ್ಡೆ, ಮೇಲೆಲ್ಲ ಖಾಲಿ. ಅದಿರು ಅಷ್ಟು ಭಾರ. ಜಾಗ ತುಂಬುವ ಮುಂಚೆಯೇ ಹಡಗು ತನ್ನ ಗುರುತಿನವರೆಗೆ ಮುಳುಗಿರುತ್ತದೆ.

ಆ ಗುರುತು ಓದುವುದೂ ಒಂದು ಪಾಠ. ಹಡಗಿನ ಎರಡೂ ಮಗ್ಗುಲಲ್ಲಿ, ಮುಂದೆ, ನಡುವೆ, ಹಿಂದೆ, ಹೀಗೆ ಆರು ಕಡೆ ಅಂಕಿಗಳನ್ನು ಬರೆದಿರುತ್ತಾರೆ. ಅಂಕಿಯ ಎತ್ತರ 10 ಸೆಂಟಿಮೀಟರ್, ಮುಂದಿನ ಅಂಕಿಗೆ 10 ಸೆಂಟಿಮೀಟರ್ ಬಿಡುವು. ಅಲೆ ಏರಿಳಿಯುವಾಗ ನಡುಮಟ್ಟ ಹಿಡಿದು ಓದಬೇಕು. ನಮ್ಮ ಹಡಗು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಿದರೆ ಸುಮಾರು 57 ಟನ್ ಹೆಚ್ಚು ಹೇರಿದಂತೆ. ನನ್ನ ಕಣ್ಣು ಒಂದು ಬೆರಳಿನಷ್ಟು ತಪ್ಪಿದರೆ ಮೂರು ಲಾರಿ ಅದಿರು ಲೆಕ್ಕದಿಂದ ಮಾಯ. ನೀರು ಉಪ್ಪೋ ಸಿಹಿಯೋ ಅದನ್ನೂ ಅಳೆಯಬೇಕು, ಸಿಹಿನೀರಿನಲ್ಲಿ ಅದೇ ಹಡಗು ಇನ್ನಷ್ಟು ಇಳಿಯುತ್ತದೆ. ಬಳ್ಳಾರಿಯ ಅದಿರಿನ ಲೆಕ್ಕಗಳ ಬಗ್ಗೆ ಆಮೇಲೆ ಪತ್ರಿಕೆಗಳಲ್ಲಿ ಎಷ್ಟೆಷ್ಟೋ ಬಂತು. ನನಗಂತೂ ಲೆಕ್ಕ ಹೇಳಿಕೊಟ್ಟದ್ದು ನೀರು.

ಆದರೆ ಆ ಬಂದರಿನ ದೊಡ್ಡ ಪಾಠ ಒಂದು ಹಾಲಿನಪುಡಿ ಡಬ್ಬಿಯಲ್ಲಿತ್ತು. ಆಕಾಶ ಕಪ್ಪಿಟ್ಟಿತ್ತು, ಹನಿ ಬಿದ್ದರೆ ಸಾಕು ಹೋಲ್ಡಿನ ಬಾಯಿ ಮುಚ್ಚಿಸುತ್ತಿದ್ದರು. ಚೀಫ್ ಆಫೀಸರ್ ಡಬ್ಬಿಯ ಅರ್ಧದಷ್ಟು ಅದಿರು ತುಂಬಿ, ಒಂದು ಗೇಣಿನ ಎತ್ತರದಿಂದ ಡೆಕ್ಕಿಗೆ 25 ಸಲ ಕುಟ್ಟಲು ಹೇಳಿದರು. ಒಂದೊಂದು ಪೆಟ್ಟಿಗೂ ಒಂದೆರಡು ಸೆಕೆಂಡು ಬಿಡುವು. ಮೇಲೆ ನೀರಾಡಿದರೆ ಅಥವಾ ಅದಿರು ಅಂಬಲಿಯ ಹಾಗೆ ಅಲುಗಿದರೆ ಆ ಸರಕನ್ನು ಹಾಗೇ ಒಯ್ಯುವಂತಿಲ್ಲ, ಪ್ರಯೋಗಾಲಯಕ್ಕೆ ಕಳಿಸಬೇಕು. ನೀರಾಡದಿದ್ದರೂ ನಿಶ್ಚಿಂತೆಯಿಲ್ಲ ಎಂದು ಅವರೇ ಸೇರಿಸಿದರು. ಕಾಗದದ ಮೇಲಿನ ತೇವಾಂಶ, ಕಣ್ಣಿಗೆ ಕಾಣುವ ತೇವಾಂಶ ಎರಡನ್ನೂ ನೋಡು ಎಂದರು.

ಕುಟ್ಟುವುದೇಕೆ? ಫೈನ್ಸು ಹೊರಗೆ ಒಣಗಿದಂತೆ ಕಂಡರೂ ಕಣಕಣದ ನಡುವೆ ನೀರಿರುತ್ತದೆ. ಸಮುದ್ರದಲ್ಲಿ ಎಂಜಿನ್ನಿನ ನಡುಕ, ಅಲೆಯ ಹೊಯ್ದಾಟ ದಿನಗಟ್ಟಲೆ ಅದನ್ನು ಅಲುಗಿಸಿದರೆ ಕಣಗಳು ಒತ್ತಾಗಿ ಕೂತು ನೀರಿಗೆ ಜಾಗವಿಲ್ಲದಂತಾಗುತ್ತದೆ. ಆಗ ಗುಡ್ಡೆಯಂತಿದ್ದದ್ದು ಒಮ್ಮೆಗೇ ಕೆಸರಾಗಿ ಹರಿಯುತ್ತದೆ. ಹಡಗು ವಾಲಿದ ಕಡೆಗೆ ಅದೂ ಹರಿಯುತ್ತದೆ, ಹಡಗು ಮರಳಿ ಏಳುವಾಗ ಅದು ಪೂರ್ತಿ ಮರಳುವುದಿಲ್ಲ. ಮುಂದಿನ ಹೊಯ್ದಾಟಕ್ಕೆ ಇನ್ನಷ್ಟು ವಾಲುತ್ತದೆ. ಕೆಂಚನಗುಡ್ಡದ ಹತ್ತಿರ ಹೊಳೆದಂಡೆಯ ಹಸಿ ಮರಳಿನಲ್ಲಿ ನಿಂತಲ್ಲೇ ಕಾಲು ಕುಣಿಸಿ, ಗಟ್ಟಿ ನೆಲ ಪಾದದಡಿ ನೀರೊಡೆದು ಮೆತ್ತಗಾಗುವುದನ್ನು ನೋಡಿ ನಗುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ. ಅದೇ ಆಟ ಹಡಗನ್ನು ಮುಳುಗಿಸಬಲ್ಲದು.

ನಮ್ಮ ಡಬ್ಬಿಯಲ್ಲಿ ನೀರಾಡಲಿಲ್ಲ, ಹೊರಟೆವು. ಆ ಜುಲೈನಲ್ಲಿ, ಸುರಿಯುವ ಮಳೆಗಾಲದಲ್ಲಿ, ನವಮಂಗಳೂರಿನಿಂದಲೇ ಸುಮಾರು 13,600 ಟನ್ ಫೈನ್ಸ್ ಹೇರಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಮಂಗಳೂರಿನಾಚೆ ವಾಲಿ ಮುಳುಗಿತು. ಅದರ ಚೀನೀ ಸಿಬ್ಬಂದಿಯನ್ನು ಕರಾವಳಿ ಪಡೆಯವರು ಉಳಿಸಿದರು. ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಹತ್ತಿರ ‘ಬ್ಲ್ಯಾಕ್ ರೋಸ್’ ಮುಳುಗಿತು, ಅದರ ಹೊಟ್ಟೆಯಲ್ಲೂ ಫೈನ್ಸೇ. ಸುದ್ದಿ ಬಂದ ದಿನ ಮೆಸ್ಸಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಚೀಫ್ ಆಫೀಸರ್ ಟಿಆರ್‌ಬಿ ತರಿಸಿಕೊಂಡು ‘ಕ್ಯಾನ್ ಟೆಸ್ಟ್’ ಎಂದಿದ್ದ ಸಾಲಿಗೆ ಆವತ್ತು ಸಹಿ ಹಾಕಿದರು. ಕೇಳಿದರೆ, ‘ಈಗ ನಿನಗೆ ಅರ್ಥವಾಗಿದೆ’ ಎಂದರು.

ಮುಂದೆ 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿ ಮತ್ತೆ ಷರತ್ತಿನ ಮೇಲೆ ಶುರುವಾದರೂ ರಫ್ತಿನ ಬಾಗಿಲು ತೆರೆದದ್ದು 2022ರಲ್ಲಿ. ಹಾಗಾಗಿ ನನ್ನ ನಂತರದ ಎಷ್ಟೋ ಕ್ಯಾಡೆಟ್ಟುಗಳಿಗೆ ಬ್ರೆಜಿಲಿನ ಅದಿರು ಗೊತ್ತು, ಆಸ್ಟ್ರೇಲಿಯಾದ್ದು ಗೊತ್ತು, ಸಂಡೂರಿನದು ಗೊತ್ತಿಲ್ಲ.

ಲಂಕೆಯ ತುದಿ ಸುತ್ತಿ, ಮಲಾಕಾ ಜಲಸಂಧಿ ದಾಟಿ ಚೀನಾದ ರಿಝಾವೊ ಬಂದರಿಗೆ ಎರಡು ವಾರದ ದಾರಿ. ‘ಫಾರಿನ್’ ನೋಡುವ ನನ್ನ ಸಂಭ್ರಮಕ್ಕೆ ಅಲ್ಲಿ ಸಿಕ್ಕಿದ್ದು ಶೋರ್ ಪಾಸ್ ಎಂಬ ಚೀಟಿ ಮತ್ತು ಒಂದು ಸಂಜೆ. ಬಂದರಿನ ಗೇಟಿಗೆ ಹೋಗುವ ದಾರಿಯುದ್ದಕ್ಕೂ ಅದಿರಿನ ಗುಡ್ಡಗಳು, ಯಾವ ದೇಶದ್ದೆಂದು ಒಂದೊಂದರ ಬಣ್ಣ ನೋಡಿದರೆ ತಿಳಿಯುತ್ತದೆ ಎಂದು ಜೊತೆಗಿದ್ದ ಖಲಾಸಿ ಹೇಳಿದ. ಪೇಟೆಯಲ್ಲಿ ಫೋನ್ ಕಾರ್ಡು ಕೊಂಡು ಅವ್ವನಿಗೆ ಫೋನು ಮಾಡಿದೆ. ಏನು ನೋಡಿದಿ ಎಂದರು. ‘ಸಂಡೂರು ಗುಡ್ಡ’ ಎಂದೆ. ‘ಅದನ್ನ ನೋಡಾಕ ಅಲ್ಲೀತನಕ ಹೋಗಬೇಕಿತ್ತಾ?’ ಎಂದರು. ಟ್ರಂಕ್ ತುಂಬ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಉಳಿದಿದೆಯೇ ಎಂಬುದು ಮುಂದಿನ ವಿಚಾರಣೆ. ಉಳಿದಿರಲಿಲ್ಲ. ತಿಂಗಳುಗಟ್ಟಲೆ ಕೆಡದ ರೊಟ್ಟಿಯೊಂದು ಲೋಕದಲ್ಲಿದೆ ಎಂದು ಕಂಡುಕೊಂಡ ಬೋಸನ್ ಅದನ್ನು ಬಿಸ್ಕತ್ತಿನ ಹಾಗೆ ಕಾಫಿಗೆ ಅದ್ದಿ ತಿಂದು ಮುಗಿಸಿದ್ದ.

ಅದಿರು ಇಳಿದ ಮೇಲೆ ಹೋಲ್ಡು ತೊಳೆಯುವ ಕೆಲಸ. ಮುಂದಿನ ಸರಕು ಥಾಯ್ಲೆಂಡಿನ ಅಕ್ಕಿ. ಒಂದು ಹಿಡಿ ಕೆಂಪು ಉಳಿದರೂ ಅಕ್ಕಿಗೆ ಹೋಲ್ಡು ಪಾಸಾಗುವುದಿಲ್ಲ. ಬಂದ ಸರ್ವೇಯರ್ ಬಿಳಿ ಬಟ್ಟೆಯಿಂದ ಗೋಡೆ ಒರೆಸಿ ನೋಡುತ್ತಾನೆ. ಹಗಲು ರಾತ್ರಿ ಸಮುದ್ರದ ನೀರು ಹಾಯಿಸಿ, ಸಂದುಗೊಂದು ಕೆರೆದು, ಕೊನೆಗೆ ಸಿಹಿನೀರಿನಲ್ಲಿ ತೊಳೆದೆವು. ನಮ್ಮ ಜಿಲ್ಲೆಯ ಎರಡು ಮಗ್ಗುಲುಗಳು ಹೀಗೆ ಒಂದೇ ಹೋಲ್ಡಿನಲ್ಲಿ ಒಂದರ ಹಿಂದೊಂದು ಬಂದವು, ಸಂಡೂರಿನ ಕೆಂಪು ಹೋಗಿ ಸಿರುಗುಪ್ಪದ ಬಿಳಿ. ಸಿರುಗುಪ್ಪದ ಅಕ್ಕಿಯೇ ಏಕಲ್ಲ ಎಂದರೆ, 2008ರಿಂದ 2011ರವರೆಗೆ ಬಾಸ್ಮತಿಯಲ್ಲದ ಅಕ್ಕಿಯನ್ನು ಹೊರಗೆ ಕಳಿಸುವುದನ್ನು ನಮ್ಮ ಸರ್ಕಾರ ನಿಲ್ಲಿಸಿತ್ತು. ಆಫ್ರಿಕಾದವರಿಗೆ ಹಸಿವು ನಿಲ್ಲಲಿಲ್ಲವಲ್ಲ, ಅವರು ಥಾಯ್ ಅಕ್ಕಿ ತರಿಸಿಕೊಳ್ಳುತ್ತಿದ್ದರು.

ಕೊ ಸಿಚಾಂಗ್ ದ್ವೀಪದ ಬಳಿ ಲಂಗರು ಹಾಕಿ ನಿಂತೆವು. ಬಾರ್ಜುಗಳಲ್ಲಿ ಚೀಲಗಳು ಬಂದವು. ಹೋಲ್ಡಿನ ತಳಕ್ಕೆ ಬಿದಿರು, ಚಾಪೆ, ಕಾಗದ ಹಾಸಿ ಚೀಲ ಒಟ್ಟುತ್ತಾರೆ. ಹಡಗಿನ ಕಬ್ಬಿಣದ ಗೋಡೆಗೆ ಚೀಲ ತಾಗದಂತೆ ಏಕೆ ಬಿಡಬೇಕು ಎಂದು ಚೀಫ್ ಆಫೀಸರ್ ಕೇಳಿದರು. ಈ ಪ್ರಶ್ನೆಗೆ ನಾನು ಪುಸ್ತಕ ತೆರೆಯಬೇಕಿರಲಿಲ್ಲ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲರು ಗೋಡೆಯಿಂದ ಒಂದು ಮೊಳ ಬಿಟ್ಟೇ ಚೀಲ ಒಟ್ಟುವುದನ್ನು ನೋಡಿದ್ದೆ. ‘ಗ್ವಾಡಿಗೆ ಹಚ್ಚಿದ್ರ ಅಕ್ಕಿ ಮುಗ್ಗಲಾಗ್ತದ’ ಎನ್ನುತ್ತಿದ್ದರು. ಹಡಗಿನಲ್ಲಿ ಅದರ ಕಾರಣವೂ ಸಿಕ್ಕಿತು. ಬೆಚ್ಚಗಿನ ನಾಡಿನ ಅಕ್ಕಿ ತನ್ನೊಳಗಿನ ತೇವವನ್ನು ಉಸಿರಾಡುತ್ತಿರುತ್ತದೆ, ಆಫ್ರಿಕಾದ ತುದಿಯ ತಣ್ಣನೆಯ ನೀರಿಗೆ ಬಂದಾಗ ಗೋಡೆ ತಣ್ಣಗಾಗಿ ಅದರ ಮೇಲೆ ಆ ಉಸಿರು ಹನಿಗಟ್ಟುತ್ತದೆ. ಒಳಗಿನ ಗಾಳಿಯ ಇಬ್ಬನಿ ಬಿಂದು, ಹೊರಗಿನದು, ಎರಡನ್ನೂ ಪಹರೆಗೊಮ್ಮೆ ಅಳೆದು ಗಾಳಿ ಬಿಡಬೇಕೋ ಮುಚ್ಚಬೇಕೋ ತೀರ್ಮಾನಿಸಬೇಕು. ಹಮಾಲರ ಬಳಿ ಥರ್ಮಾಮೀಟರ್ ಇರಲಿಲ್ಲ, ಒಂದು ಮೊಳ ಇತ್ತು. ಚೀಫ್ ಆಫೀಸರ್ ಖುಷಿಯಾಗಿ ಅಲ್ಲೇ ಸಹಿ ಹಾಕಿದರು. ಹಮಾಲರ ಹೆಸರು ಹೇಳಿದೆ. ಎಲ್ಲಿ ಬರೆಯಲಿ ಎಂದು ನಕ್ಕರು. ನಿಜಕ್ಕೂ ಜಾಗವಿರಲಿಲ್ಲ.

ಬೆನಿನ್ ದೇಶದ ಕೊಟೊನು ಬಂದರಿನಲ್ಲಿ ಅಕ್ಕಿ ಇಳಿಯುವಾಗ ಅಲ್ಲಿಯ ಹಮಾಲನೊಬ್ಬ ಹರಿದ ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದು ಕಾಳು ಕಚ್ಚಿ, ಪಕ್ಕದವನಿಗೆ ಏನೋ ಹೇಳಿದ. ಭಾಷೆ ತಿಳಿಯಲಿಲ್ಲ, ಅಭಿಪ್ರಾಯ ತಿಳಿಯಿತು. ಅಕ್ಕಿ ಹೊಸದು, ಅನ್ನ ಮುದ್ದೆಯಾಗುತ್ತದೆ. ಸಿರುಗುಪ್ಪದ ಯಾವ ಮಿಲ್ಲಿನ ಮುಂದೆ ನಿಂತರೂ ಅವನಿಗೆ ಅನ್ನಕ್ಕೆ ತೊಂದರೆಯಾಗದು. ದೇಶ ಸುತ್ತುವುದು, ಕೋಶ ಓದುವುದು ಎರಡೂ ಬೇರೆ ಬೇರೆ ಎಂದು ಹಿರಿಯರು ಹೇಳುತ್ತಾರೆ. ಕ್ಯಾಡೆಟ್ಟಿಗೆ ಸಿಗುವುದು ಇವೆರಡರ ನಡುವಿನದು. ದೇಶ ಸುತ್ತುತ್ತಾನೆ, ಕಾಣುವುದು ದಕ್ಕೆ. ಕೋಶ ಹಿಡಿದಿರುತ್ತಾನೆ, ಓದುವುದು ಕೈಗಳನ್ನು.

ಪರೀಕ್ಷೆಗಳಾದವು, ವರ್ಷಗಳಾದವು. ಈಗ ನಾನೇ ಚೀಫ್ ಆಫೀಸರ್, ಕ್ಯಾಡೆಟ್ಟುಗಳ ಪುಸ್ತಕಕ್ಕೆ ಸಹಿ ಹಾಕುವವನು. ರಜೆಯಲ್ಲಿ ಊರಿಗೆ ಹೋದಾಗ ಹುಡುಗರು ಬರುತ್ತಾರೆ. ಈಗ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆಯಿದೆ, ಅದನ್ನು ಬರೆಯಿರಿ. ಡಿಜಿ ಶಿಪ್ಪಿಂಗಿನ ಮಾನ್ಯತೆಯ ಪಟ್ಟಿಯಲ್ಲಿ ಇಲ್ಲದ ಕಾಲೇಜಿಗೆ ಕಾಲಿಡಬೇಡಿ. ಕೆಲಸ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ ಎನ್ನುತ್ತೇನೆ. ಜೊತೆಗೆ, ಹೊರಡುವ ಮುಂಚೆ ಮಿಲ್ಲಿಗೆ ಹೋಗಿ ನಾಲ್ಕು ದಿನ ಹಮಾಲರ ಕೈ ನೋಡಿ ಎಂದೂ ಹೇಳುತ್ತೇನೆ. ಇದನ್ನು ಮಾತ್ರ ಯಾರೂ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುವುದಿಲ್ಲ.

ಟಿಆರ್‌ಬಿಯಲ್ಲಿ ಹೊಸ ಕಾಲಂ ಸೇರಿಸುವ ಅಧಿಕಾರ ನನಗಿಲ್ಲ. ಆದರೆ ಷರಾ ಬರೆಯಲು ಒಂದಿಷ್ಟು ಜಾಗವಿದೆ. ಸಹಿಗೆ ಬಂದ ಕ್ಯಾಡೆಟ್ಟನ್ನು ಕೇಳುತ್ತೇನೆ, ಇದನ್ನು ನಿನಗೆ ಕಲಿಸಿದ್ದು ಯಾರು? ನೀವೇ ಸರ್ ಎಂದರೆ ಪುಸ್ತಕ ವಾಪಸು. ಬೋಸನ್, ಆಯಿಲರ್, ಅಡುಗೆಯವನು, ಯಾರಾದರೂ ಸರಿ, ಹೇಳಬೇಕು. ಹೇಳಿದ್ದನ್ನು ಷರಾದಲ್ಲಿ ಬರೆದು ಸಹಿ ಹಾಕುತ್ತೇನೆ.

ಕಳೆದ ಹಡಗಿನಲ್ಲಿ ಬಳ್ಳಾರಿಯ ಕೌಲ್ ಬಜಾರಿನ ಹುಡುಗನೊಬ್ಬ ಸಿಕ್ಕಿದ್ದ. ಗಂಟಿನಲ್ಲಿ ಸಾಧಾರಣ, ಗಣಿತದಲ್ಲಿ ಚುರುಕು. ವಿಂಚಿನ ಕ್ಯಾನ್ವಾಸ್ ಹೊದಿಕೆ ಹರಿದಿತ್ತು, ಹೊಲಿಯಲು ಕೊಟ್ಟೆ. ದಪ್ಪ ಸೂಜಿ, ಅಂಗೈಗೆ ಚರ್ಮದ ಪಟ್ಟಿ; ಹೊಸಬರಿಗೆ ಒಂದು ಅಡಿ ಹೊಲಿಯುವಷ್ಟರಲ್ಲಿ ಕೈಯೆಲ್ಲ ತೂತು. ಇವನು ಅಂಚು ಎರಡು ಮಡಿಕೆ ಮಡಿಸಿ, ಜೋಡಿ ಹೊಲಿಗೆ ಹಾಕಿ, ಎಳೆತ ಬೀಳುವ ಮೂಲೆಗೆ ಅಡ್ಡ ಟಾಕಿ ಕೊಟ್ಟು ಮಧ್ಯಾಹ್ನದೊಳಗೆ ತಂದಿಟ್ಟ. ಬೋಸನ್ ಅದನ್ನು ಒಳಹೊರಗು ತಿರುಗಿಸಿ ನೋಡಿದ. ‘ಇವನಿಗೆ ನಾನು ಕಲಿಸಿಲ್ಲ’ ಎಂದು ತಾನಾಗಿಯೇ ಹೇಳಿದ. ಮತ್ಯಾರಪ್ಪ ಎಂದು ಕೇಳಿದೆ. ‘ನಮ್ಮವ್ವ ಮನ್ಯಾಗ ಜೀನ್ಸ್ ಹೊಲೀತಾಳ್ರಿ ಸರ್.’

ಷರಾದಲ್ಲಿ ಬರೆದೆ: ತಾಯಿ, ಜೀನ್ಸ್ ಟೈಲರ್, ಬಳ್ಳಾರಿ.

ತಿಂಗಳ ಕೊನೆಗೆ ಪುಸ್ತಕ ಕ್ಯಾಪ್ಟನ್ ಮುಂದೆ ಹೋಯಿತು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಇವರದು ಯಾವ ರ‍್ಯಾಂಕು? ನಮ್ಮ ಕ್ರೂ ಲಿಸ್ಟಿನಲ್ಲಿ ಇಲ್ಲವಲ್ಲ?’ ಎಂದರು. ಇಲ್ಲ ಸರ್, ದಡದ ಸಿಬ್ಬಂದಿ ಎಂದೆ. ಅವರು ಎದ್ದು ಡೆಕ್ಕಿಗೆ ಬಂದರು. ವಿಂಚಿನ ಹೊದಿಕೆಯ ಹೊಲಿಗೆಗೆ ಎರಡೂ ಕೈ ಹಾಕಿ, ಕಾಲೂರಿ ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಕ್ಯಾನ್ವಾಸ್ ಕಿರುಗುಟ್ಟಿತು, ಹೊಲಿಗೆ ಜಗ್ಗಲಿಲ್ಲ. ಅಲ್ಲೇ ನಿಂತು ಸಹಿ ಹಾಕಿ ಪುಸ್ತಕ ನನ್ನ ಕೈಗಿಟ್ಟು ಹೇಳಿದರು, ‘ಇನ್ನು ಮುಂದೆ ನಿಮ್ಮ ಊರಿನ ಹುಡುಗರನ್ನು ತರಿಸಿಕೊಳ್ಳುವಾಗ ಮನೆಯವರ ಬಯೋಡೇಟಾನೂ ಕಳಿಸಲು ಹೇಳಿ.’